ವಾರ್ಡಿನಲ್ಲಿ 9 ದಿನ, ಶೆಲ್ಫಿನ ಮೇಲೆ 48 ಸೋಪು

ಮಕ್ಕಳ ಅಪೆಂಡಿಕ್ಸ್ ಆಪರೇಷನ್ ಅಂದರೆ ಎರಡು ದಿನದ ಕೆಲಸ ಅಂತ ನಾಲ್ಕು ಜನ ಹೇಳುತ್ತಾರೆ. ಒಡೆಯುವ ಮೊದಲೇ ಗೊತ್ತಾದರೆ ಆ ಮಾತು ನಿಜ, ಒಂದೆರಡು ದಿನದಲ್ಲಿ ಮಗು ಮನೆಗೆ ಬರುತ್ತದೆ. ಒಡೆದಿದ್ದರೆ ಲೆಕ್ಕವೇ ಬೇರೆ. ನಮ್ಮದು ಒಡೆದಿತ್ತು, 9 ದಿನ ಹಿಡಿಯಿತು. ಅದೇ ಹೊತ್ತಿಗೆ ಮನೆಯಲ್ಲಿ ಕೈಯಿಂದ ಸೋಪು ಮಾಡಿ ಮಾರುವ ಹೊಸ ಕೆಲಸಕ್ಕೆ ಮೊದಲ ದೊಡ್ಡ ಆರ್ಡರ್ ಬಂದಿತ್ತು: 60 ಸೋಪು, ಕೊಡಲು ಇನ್ನೂ 30 ದಿನ ಬಾಕಿ. ಎರಡನ್ನೂ ಒಟ್ಟಿಗೆ ನಿಭಾಯಿಸುವವರಿಗೆ ಉಪಯೋಗಕ್ಕೆ ಬರಲಿ ಅಂತ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿದ್ದೇನೆ. ಸೋಪಿನ ಬದಲು ನಿಮ್ಮದು ಹೊಲಿಗೆಯೋ ಅಚ್ಚಿನ ಕೆಲಸವೋ ಆಗಿದ್ದರೂ ಆಸ್ಪತ್ರೆಯ ಭಾಗ ಹೆಚ್ಚುಕಡಿಮೆ ಇದೇ.

ಹೊರಡುವ ಹತ್ತು ನಿಮಿಷ

ಅಪೆಂಡಿಕ್ಸ್ ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಶುರುವಾಗಿ, ಕೆಲವು ಗಂಟೆಗಳಲ್ಲಿ ಬಲಗಡೆ ಕಿಬ್ಬೊಟ್ಟೆಗೆ ಇಳಿಯುತ್ತದೆ. ಹೆಚ್ಚಾಗಿ ಮೊದಲು ನೋವು, ಆಮೇಲೆ ವಾಂತಿ. ಮಗು ಬಗ್ಗಿ ನಡೆಯುತ್ತದೆ, ಕುಪ್ಪಳಿಸು ಅಂದರೆ ಒಲ್ಲೆ ಅನ್ನುತ್ತದೆ, ಗಾಡಿ ರಸ್ತೆಯ ಉಬ್ಬು ಹತ್ತಿಳಿದಾಗ ಹೊಟ್ಟೆ ಹಿಡಿದುಕೊಳ್ಳುತ್ತದೆ. ಇದರಲ್ಲಿ ಮೋಸ ಮಾಡುವುದು ಒಂದೇ ಘಟ್ಟ: ಒಡೆದ ಹೊತ್ತಿಗೆ ನೋವು ಸ್ವಲ್ಪ ಇಳಿದಂತೆ ಕಾಣಬಹುದು. ‘ಸದ್ಯ, ಕಡಿಮೆಯಾಯಿತು’ ಅಂದುಕೊಂಡ ಮೇಲೆ ಇಡೀ ಹೊಟ್ಟೆ ಬಿಗಿಯುತ್ತದೆ, ಜ್ವರ ಏರುತ್ತದೆ. ನಾವು ಒಂದು ರಾತ್ರಿ ಕಳೆದುಕೊಂಡದ್ದು ಹೀಗೆಯೇ.

ಹೊರಡುವಾಗ ಕೋಣೆಯಲ್ಲಿ ಎರಡು ಕೆಲಸ ಅರ್ಧಕ್ಕೆ ನಿಂತಿದ್ದವು. ಐದನೇ ಕಂತಿನ (ಒಂದು ಕಂತು ಅಂದರೆ ಒಂದು ಸಲಕ್ಕೆ ಮಾಡುವ 12 ಸೋಪು) ಸೋಪನ್ನು ಅಂದು ಬೆಳಿಗ್ಗೆಯಷ್ಟೇ ಅಚ್ಚಿಗೆ ಸುರಿದಿದ್ದೆ. ಆರನೇ ಕಂತಿಗೆಂದು ಕಲಸಿದ ಕಾಸ್ಟಿಕ್ ಸೋಡಾ ನೀರು ಮೇಜಿನ ಮೇಲೆ ಆರುತ್ತಿತ್ತು, 143 ಗ್ರಾಂ ಸೋಡಾ, 286 ಗ್ರಾಂ ನೀರು. ಅದು ಆರಿದ ಮೇಲೆ ಕುಡಿಯುವ ನೀರಿನಷ್ಟೇ ತಿಳಿಯಾಗಿ ಕಾಣುತ್ತದೆ, ಭಯಪಡಬೇಕಾದದ್ದು ಅದಕ್ಕೇ. ಅರ್ಧ ದಾರಿಯಲ್ಲಿ ನೆನಪಾಗಿ ಪಕ್ಕದ ಮನೆಯವರಿಗೆ ಫೋನ್ ಮಾಡಿ, ‘ಏನನ್ನೂ ಮುಟ್ಟಬೇಡಿ, ಕೋಣೆಗೆ ಬೀಗ ಜಡಿದುಬಿಡಿ’ ಅಂದದ್ದಾಯಿತು.

ಮನೆಯಲ್ಲಿ ಈ ಥರದ ಕೆಲಸ ಮಾಡುವವರು ‘ಈಗಿಂದೀಗಲೇ ಎದ್ದು ಹೋಗಬೇಕಾದರೆ’ ಅನ್ನುವ ಒಂದು ಚೀಟಿ ಬರೆದು ಬಾಗಿಲಿಗೆ ಅಂಟಿಸಿಡಿ. ನನ್ನ ಚೀಟಿಯಲ್ಲಿ ಈಗ ನಾಲ್ಕು ಸಾಲಿದೆ. ಸೋಡಾ ನೀರು ಇದ್ದರೆ ಪಾಲಿಪ್ರೊಪಿಲಿನ್ ಡಬ್ಬಿಗೆ (ತಳದಲ್ಲಿ ತ್ರಿಕೋನದೊಳಗೆ 5 ಅಂತ ಇರುವುದು), ಮೇಲೆ ‘ವಿಷ’ ಎಂಬ ಪಟ್ಟಿ, ಬಿಸಿ ಇಳಿಯುವ ತನಕ ಮುಚ್ಚಳ ಸಡಿಲ. ಅಲ್ಯೂಮಿನಿಯಂ ಪಾತ್ರೆ ಹತ್ತಿರವೂ ಬೇಡ, ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಒಲೆ, ಮಿಕ್ಸರ್, ಸ್ವಿಚ್ ಆಫ್. ಕೋಣೆಗೆ ಬೀಗ, ಕೀಲಿ ಯಾರ ಕೈಗೆ ಅನ್ನುವುದೂ ಬರೆದಿರಬೇಕು.

ತುರ್ತು ವಿಭಾಗದಲ್ಲಿ ಕೇಳುವುದು

ಅಲ್ಲಿ ಒಂದೇ ಪ್ರಶ್ನೆಯನ್ನು ನಾಲ್ಕು ಜನ ಕೇಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಾಳೆ ನೋಡುವುದು ಅವರ ಪದ್ಧತಿ. ಮೊಬೈಲಿನಲ್ಲಿ ಮೊದಲೇ ಬರೆದಿಟ್ಟುಕೊಂಡರೆ ಪ್ರತಿ ಸಲ ಒಂದೇ ಉತ್ತರ ಕೊಡಬಹುದು: ನೋವು ಶುರುವಾದ ಗಂಟೆ, ವಾಂತಿ ಎಷ್ಟು ಸಲ ಮತ್ತು ಯಾವ ಬಣ್ಣ, ಕೊನೆಯ ಸಲ ಉಂಡದ್ದು ಎಷ್ಟಕ್ಕೆ, ಕೊನೆಯ ಗುಟುಕು ನೀರು ಎಷ್ಟಕ್ಕೆ, ಕೊಟ್ಟ ಔಷಧ ಮತ್ತು ಅದರ ಗಂಟೆ, ಅಲರ್ಜಿ, ಮಗುವಿನ ತೂಕ. ಮಕ್ಕಳ ಔಷಧವೆಲ್ಲ ತೂಕದ ಮೇಲೆಯೇ ನಡೆಯುವುದರಿಂದ ಅಂದಾಜು ಹೇಳದೆ ಅಲ್ಲೇ ತೂಗಿಸಿ. ನಾವು ‘26 ಇರಬಹುದು’ ಅಂದಿದ್ದೆವು, ತಕ್ಕಡಿ 24 ತೋರಿಸಿತು.

ಆಸ್ಪತ್ರೆಗೆ ಹೊರಟ ಗಳಿಗೆಯಿಂದ ಬಾಯಿಗೆ ಏನೂ ಕೊಡಬಾರದು. ಅರಿವಳಿಕೆಗೆ ಮೊದಲು ಘನ ಆಹಾರ ತಿಂದು ಸಾಮಾನ್ಯವಾಗಿ 6 ಗಂಟೆ ಆಗಿರಬೇಕು. ಮಗು ಅಳುತ್ತಿದೆ ಅಂತ ಏನಾದರೂ ತಿನ್ನಿಸಿದರೆ ಆಪರೇಷನ್ ಮುಂದಕ್ಕೆ ಹೋಗಬಹುದು. ನೀರಿಗೆ ಗಡುವು ಕಡಿಮೆ, ಆದರೆ ಎಷ್ಟು ಅನ್ನುವುದನ್ನು ಅರಿವಳಿಕೆ ತಜ್ಞರೇ ಹೇಳಲಿ.

ಮಕ್ಕಳಿಗೆ ಮೊದಲು ಅಲ್ಟ್ರಾಸೌಂಡ್ ಮಾಡುತ್ತಾರೆ, ಅದರಲ್ಲಿ ಸ್ಪಷ್ಟವಾಗದಿದ್ದರೆ ಸಿ.ಟಿ. ಅಲ್ಟ್ರಾಸೌಂಡಿನಲ್ಲಿ ‘ಅಪೆಂಡಿಕ್ಸ್ ಕಾಣಲಿಲ್ಲ’ ಅಂತ ಬಂದರೆ ಕಾಯಿಲೆ ಇಲ್ಲ ಅಂತಲ್ಲ, ಕರುಳಿನ ಗಾಳಿಯಂಥದ್ದು ಏನೋ ಅಡ್ಡ ಬಂದು ಕಾಣದೆ ಇರಬಹುದು ಅಷ್ಟೇ. ಈ ಸಾಲನ್ನು ಓದಿ ಮನೆಗೆ ಹೊರಡುವ ಮೊದಲು ಡಾಕ್ಟರನ್ನು ಒಮ್ಮೆ ಕೇಳಿ.

ಕಾಗದಪತ್ರದ ಬಗ್ಗೆ ಒಂದೇ ಮಾತು. ಮಗುವಿನ ಹೆಸರಿನ ಅಕ್ಷರ ಅಡ್ಮಿಷನ್ ಫಾರ್ಮಿನಲ್ಲಿ, ಗುರುತಿನ ಚೀಟಿಯಲ್ಲಿ, ವಿಮೆ ಇದ್ದರೆ ಅದರ ಕಾರ್ಡಿನಲ್ಲಿ ಅಚ್ಚೊತ್ತಿದಂತೆ ಒಂದೇ ಇರಬೇಕು. ಕೈಗೆ ಕಟ್ಟುವ ಪಟ್ಟಿಯಲ್ಲೂ ಅದೇ. ನಮ್ಮದರಲ್ಲಿ ಒಂದು ಅಕ್ಷರ ತಪ್ಪಿತ್ತು. ರಾತ್ರಿ ಒಂದೂವರೆಗೆ ಯಾರೂ ಗಮನಿಸಲಿಲ್ಲ, ಒಂಬತ್ತನೇ ದಿನ ಮಧ್ಯಾಹ್ನ ಬಿಲ್ಲಿನ ಕಿಟಕಿಯಲ್ಲಿ ಅದು ಎರಡು ಗಂಟೆ ನುಂಗಿತು.

ಆಪರೇಷನ್, ಆಮೇಲಿನ ಮೂರು ದಿನ

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಎರಡು ಸಂಗತಿ ಕೇಳಿ. ಸಣ್ಣ ತೂತಿನಿಂದ ದುರ್ಬೀನು ಹಾಕಿ (ಲ್ಯಾಪರೊಸ್ಕೋಪಿ) ಮಾಡುವಾಗ ಕಷ್ಟವಾದರೆ ಹೊಟ್ಟೆ ತೆರೆಯುತ್ತೀರಾ? ಒಡೆದಿದ್ದರೆ ಎಷ್ಟು ದಿನ ಇರಬೇಕಾದೀತು? ಎರಡನೆಯದನ್ನು ನಾವು ಕೇಳಲಿಲ್ಲ. ಎರಡು ದಿನದ ಬಟ್ಟೆ, ಎರಡು ದಿನದ ದುಡ್ಡು, ಎರಡು ದಿನದ ಧೈರ್ಯ ಇಟ್ಟುಕೊಂಡು ಹೊರಗೆ ಬೆಂಚಿನ ಮೇಲೆ ಕೂತೆವು. ಒಳಗೆ ಹೋದ ಮೇಲೆ ಮಲಗಿಸಲು, ಆಮೇಲೆ ಎಬ್ಬಿಸಲು ಹಿಡಿಯುವ ಹೊತ್ತೂ ಸೇರುತ್ತದೆ. ಒಂದು ಗಂಟೆಯ ಆಪರೇಷನ್ ಅಂದರೆ ಹೊರಗೆ ಕೂತವರಿಗೆ ಎರಡೂವರೆ ಗಂಟೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಆ ಒಂದೂವರೆ ಗಂಟೆ ಅಷ್ಟು ಸುಡುತ್ತಿರಲಿಲ್ಲ.

ಒಡೆದ ಅಪೆಂಡಿಕ್ಸಿನಲ್ಲಿ ಆಪರೇಷನ್ ಮುಗಿದರೆ ಅರ್ಧ ಮಾತ್ರ ಮುಗಿದಂತೆ. ಹೊಟ್ಟೆಯೊಳಗೆ ಹರಡಿದ ಕೀವಿನ ಸೋಂಕಿಗೆ ದಿನಗಟ್ಟಲೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಹೋಗಬೇಕು. ಕರುಳು ಮುನಿಸಿಕೊಂಡು ಕೆಲಸ ನಿಲ್ಲಿಸುತ್ತದೆ, ಹೊಟ್ಟೆ ಉಬ್ಬುತ್ತದೆ, ಹಸಿರು ವಾಂತಿ ಬರುತ್ತದೆ. ಆಗ ಮೂಗಿನಿಂದ ಹೊಟ್ಟೆಗೆ ಕೊಳವೆ ಹಾಕುತ್ತಾರೆ. ಮಗು ಅದನ್ನು ದ್ವೇಷಿಸುತ್ತದೆ, ನೋಡುವವರಿಗೆ ಕರುಳು ಹಿಂಡುತ್ತದೆ, ಆದರೆ ಹಾಕಿದ ಅರ್ಧ ಗಂಟೆಯಲ್ಲಿ ಹೊಟ್ಟೆ ಹಗುರಾಗುವುದನ್ನೂ ನೋಡಬಹುದು. ಆ ಮೂರು ದಿನ ಡಾಕ್ಟರು ಬಂದವರೇ ಕೇಳುವುದು ಒಂದೇ ಮಾತು: ‘ಗಾಳಿ ಹೋಯಿತಾ?’ ಹೋಯಿತು ಅಂದ ದಿನ ಇಡೀ ವಾರ್ಡಿಗೆ ಹಬ್ಬ.

ಭುಜ ನೋಯುತ್ತದೆ ಅಂತ ಮಗು ಅತ್ತರೆ ಗಾಬರಿ ಬೀಳಬೇಡಿ. ದುರ್ಬೀನು ಹಾಕಲು ಹೊಟ್ಟೆಗೆ ತುಂಬುವ ಕಾರ್ಬನ್ ಡೈಆಕ್ಸೈಡ್ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕೆಣಕಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಒಂದೆರಡು ದಿನದಲ್ಲಿ ತಾನಾಗಿ ಹೋಗುತ್ತದೆ. ಮರುದಿನವೇ ಎಬ್ಬಿಸಿ ನಡೆಸಿ ಅನ್ನುತ್ತಾರೆ, ಅದು ನಿರ್ದಯವಲ್ಲ. ನಡೆದರೆ ಕರುಳು ಬೇಗ ಏಳುತ್ತದೆ, ಶ್ವಾಸಕೋಶ ತೆರೆದುಕೊಳ್ಳುತ್ತದೆ. ನೋವಿನ ಔಷಧ ಕೊಟ್ಟು ಅರ್ಧ ಗಂಟೆಯಾದ ಮೇಲೆ ನಡೆಸಿ. ಔಷಧಕ್ಕೆ ಮೊದಲೇ ಎಬ್ಬಿಸಲು ಹೋಗಿ ಎರಡು ಸಲ ಸೋತಿದ್ದೆವು.

ಔಷಧ ಬಿಡಲು ಕೈಗೆ ಚುಚ್ಚಿದ ಸಣ್ಣ ಕೊಳವೆ, ಕ್ಯಾನುಲಾ, ಮಕ್ಕಳಲ್ಲಿ ಎರಡು ಮೂರು ದಿನಕ್ಕೇ ಕೆಡಬಹುದು. ಸುತ್ತ ಕೆಂಪಾದರೆ, ಊದಿ ತಣ್ಣಗಾದರೆ, ಔಷಧ ಬಿಡುವಾಗ ಮಗು ಚೀರಿದರೆ ತಕ್ಷಣ ಸಿಸ್ಟರಿಗೆ ಹೇಳಿ, ಬೆಳಿಗ್ಗೆ ಹೇಳೋಣ ಅಂತ ಕಾಯಬೇಡಿ. ಬದಲಾಯಿಸುವುದು ಗೊತ್ತಾದ ಕೂಡಲೇ ಮರಗಟ್ಟಿಸುವ ಮುಲಾಮು ಇದೆಯೇ ಅಂತ ವಿಚಾರಿಸಿ. ಅದು ಕೆಲಸ ಮಾಡಲು ಸುಮಾರು ಒಂದು ಗಂಟೆ ಬೇಕು, ಸೂಜಿ ಹಿಡಿದು ಬಂದ ಮೇಲೆ ಕೇಳಿ ಪ್ರಯೋಜನವಿಲ್ಲ.

ವಾರ್ಡಿನ ಗಡಿಯಾರ

ವಾರ್ಡಿನಲ್ಲಿ ಕೂತು ವ್ಯಾಪಾರದ ಕೆಲಸ ಮಾಡಬಹುದೇ? ಮಾಡಬಹುದು, ಆದರೆ ನಿಮ್ಮ ಗಡಿಯಾರದಲ್ಲಿ ಅಲ್ಲ, ಅವರ ಗಡಿಯಾರದಲ್ಲಿ. ನಮ್ಮಲ್ಲಿ ಆ್ಯಂಟಿಬಯಾಟಿಕ್ ಎಂಟು ಗಂಟೆಗೊಮ್ಮೆ: ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10. ಬೆಳಿಗ್ಗೆ 6ಕ್ಕೇ ಜ್ವರ, ನಾಡಿ, ರಕ್ತ. 8ಕ್ಕೆ ಸಿಸ್ಟರುಗಳ ಪಾಳಿ ಬದಲು, 9ರಿಂದ 11ರ ನಡುವೆ ಯಾವಾಗಲೋ ರೌಂಡ್ಸ್. ಇಡೀ ದಿನದ ತೀರ್ಮಾನವೆಲ್ಲ ಆ ಐದು ನಿಮಿಷದಲ್ಲೇ ಆಗುತ್ತದೆ. ಮೂರನೇ ದಿನ ಒಂದು ಫೋನ್ ಎತ್ತಿಕೊಂಡು ಕಾರಿಡಾರಿಗೆ ಹೋದೆ, ಡಬ್ಬಿ ಮಾಡುವವರ ಕರೆ. ವಾಪಸ್ ಬರುವಷ್ಟರಲ್ಲಿ ಡಾಕ್ಟರು ಬಂದು ಹೋಗಿದ್ದರು. ಕೊಳವೆ ಯಾವಾಗ ತೆಗೆಯುತ್ತಾರೆ ಅನ್ನುವ ಒಂದು ಪ್ರಶ್ನೆಗೆ ಸಂಜೆವರೆಗೆ ಕಾಯಬೇಕಾಯಿತು. ಅಂದಿನಿಂದ 8ರಿಂದ 11 ಫೋನ್ ಸೈಲೆಂಟ್.

ಕೈಗೆ ಸಿಗುವ ಹೊತ್ತು ಎರಡೇ: ಹನ್ನೊಂದೂವರೆಯಿಂದ ಒಂದರ ತನಕ, ಮೂರರಿಂದ ನಾಲ್ಕೂವರೆ. ಆ ಹೊತ್ತಿನಲ್ಲಿ ಮಾಡಬಹುದಾದದ್ದು ಲೇಬಲ್ಲಿನ ಬರಹ, ಸಂದೇಶಗಳಿಗೆ ಉತ್ತರ, ಡಬ್ಬಿಯ ಅಳತೆ ತಿದ್ದುವುದು, ಖರ್ಚಿನ ಪುಸ್ತಕ. ಲೇಬಲ್ಲಿನಲ್ಲಿ ಪದಾರ್ಥಗಳನ್ನು ಹೆಚ್ಚು ತೂಕದ್ದರಿಂದ ಕಡಿಮೆ ತೂಕದ್ದಕ್ಕೆ ಬರೆಯಬೇಕು, ನಿವ್ವಳ ತೂಕ, ಕಂತಿನ ಸಂಖ್ಯೆ, ತಯಾರಿಸಿದ ದಿನ ಇರಬೇಕು. ತೂಕದಲ್ಲಿ ಹೊಸಬರು ಬೀಳುವ ಹಳ್ಳವೊಂದಿದೆ. ಸೋಪು ಮಾಗುತ್ತ ನೀರು ಕಳೆದುಕೊಳ್ಳುತ್ತದೆ. ನಾನು 115 ಗ್ರಾಂಗೆ ಕತ್ತರಿಸಿದ್ದು ಐದು ವಾರದಲ್ಲಿ 102ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಲೇಬಲ್ಲಿನಲ್ಲಿ 100. ಕತ್ತರಿಸಿದ ದಿನದ ತೂಕವನ್ನೇ ಅಚ್ಚು ಹಾಕಿಸಿದರೆ ಗಿರಾಕಿಯ ತಕ್ಕಡಿಯಲ್ಲಿ ಮಾನ ಹೋಗುತ್ತದೆ.

ವಾರ್ಡಿನಲ್ಲಿ ಮಾಡಬಾರದ ಕೆಲಸ ಯಾವುದು ಅಂತ ಗೊತ್ತಾದದ್ದು ನಾಲ್ಕನೇ ರಾತ್ರಿ. ಮೂರು ರಾತ್ರಿ ಕುರ್ಚಿಯಲ್ಲಿ ಕಳೆದ ಮೇಲೆ ನಿದ್ದೆ ಬಾರದೆ ಮುಂದಿನ ಕಂತಿನ ಲೆಕ್ಕ ಹಾಕುತ್ತ ಕೂತಿದ್ದೆ. ಸರಿಯಾದ ಲೆಕ್ಕ ಹೀಗೆ: 1000 ಗ್ರಾಂ ಎಣ್ಣೆಯಲ್ಲಿ ಕೊಬ್ಬರಿ ಎಣ್ಣೆ 300, ಆಲಿವ್ 500, ತಾಳೆ ಎಣ್ಣೆ 200. ಒಂದೊಂದಕ್ಕೂ ಬೇಕಾಗುವ ಸೋಡಾದ ಅಂಕಿ ಬೇರೆ ಬೇರೆ, ಕೊಬ್ಬರಿಗೆ ಗ್ರಾಂಗೆ 0.183, ಆಲಿವ್‌ಗೆ 0.135, ತಾಳೆಗೆ 0.142. ಗುಣಿಸಿದರೆ 54.9, 67.5, 28.4, ಒಟ್ಟು 150.8 ಗ್ರಾಂ. ಅದರಲ್ಲಿ ನೂರಕ್ಕೆ 5 ಕಡಿತ ಮಾಡಿ ಸ್ವಲ್ಪ ಎಣ್ಣೆ ಉಳಿಯುವಂತೆ ಬಿಟ್ಟರೆ 143. ಬೆಳಿಗ್ಗೆ ಅದೇ ಹಾಳೆ ನೋಡಿದರೆ 166 ಅಂತ ಬರೆದಿದ್ದೆ. ಆಲಿವ್‌ನ ಸಾಲಿನಲ್ಲಿ ಕೊಬ್ಬರಿಯ 0.183 ಕೂತಿತ್ತು. ಆ 5 ಕಡಿತ ಕಾಯುವುದು ಬರೀ ಏಳೂವರೆ ಗ್ರಾಂನಷ್ಟು ತಪ್ಪನ್ನು, ಇದು 23 ಗ್ರಾಂ ತಪ್ಪು. ಹಾಗೇ ಮಾಡಿದ್ದರೆ ಸುಮಾರು 15 ಗ್ರಾಂ ಸೋಡಾ ಎಣ್ಣೆ ಸಿಗದೆ ಸೋಪಿನಲ್ಲೇ ಉಳಿದು ಚರ್ಮ ಸುಡುತ್ತಿತ್ತು. ನಿದ್ದೆಗೆಟ್ಟವರು ಸೋಡಾದ ಲೆಕ್ಕ ಹಾಕಬಾರದು, ದೊಡ್ಡ ಮೊತ್ತದ ಹಣ ಕಳಿಸಬಾರದು, ಕರಾರಿಗೆ ಸಹಿ ಮಾಡಬಾರದು. ಮೂರನ್ನೂ ಮನೆಗೆ ಬಂದು ಎರಡು ರಾತ್ರಿ ಮಲಗಿದ ಮೇಲೆ ಇಟ್ಟುಕೊಳ್ಳಿ.

ಇನ್ನೊಂದು ಸಣ್ಣ ವಿಷಯ, ಯಾರೂ ಹೇಳಲಿಲ್ಲ. ಮೂರನೇ ದಿನ ಮನೆಗೆ ಓಡಿ ಸ್ನಾನ ಮಾಡಿ, ಬೀಗದ ಕೋಣೆಯಾಚೆಯ ಶೆಲ್ಫಿನಲ್ಲಿದ್ದ ಸೋಪುಗಳನ್ನೊಮ್ಮೆ ಮಗುಚಿಟ್ಟು, ಅದೇ ಅಂಗಿಯಲ್ಲಿ ವಾಪಸ್ ಬಂದೆ. ಹಾಸಿಗೆ ಹತ್ತಿರ ಬಾಗುತ್ತಿದ್ದಂತೆ ಮಗು ಮುಖ ಆಚೆ ತಿರುಗಿಸಿ, ‘ಅಪ್ಪಾ, ನಿನ್ನ ಅಂಗಿ ವಾಸನೆ, ಆಚೆ ಹೋಗು’ ಅಂದಿತು. ತಿಂಗಳಾನುಗಟ್ಟಲೆ ಆರಿಸಿ ಇಟ್ಟುಕೊಂಡಿದ್ದ ಪರಿಮಳ ಅದು. ಹೊಟ್ಟೆ ತೊಳಸುವ ಮಗುವಿಗೆ ಗಾಢ ವಾಸನೆ ಯಾವುದೂ ಆಗದು, ಪಕ್ಕದ ಹಾಸಿಗೆಯಲ್ಲಿ ಉಬ್ಬಸದವರೂ ಇರಬಹುದು. ವಾರ್ಡಿಗೆ ಬೇರೆಯದೇ ಬಟ್ಟೆ ಇಟ್ಟುಕೊಳ್ಳಿ, ಮಾದರಿ ಸೋಪನ್ನಂತೂ ಚೀಲದಲ್ಲಿ ತರಲೇಬೇಡಿ.

ಗಿರಾಕಿಗೆ ಏನು ಹೇಳುವುದು

ಐದನೇ ದಿನ ಜ್ವರ ಮತ್ತೆ ಬಂತು. ಎರಡು ದಿನ ತಣ್ಣಗಿದ್ದ ಹಣೆ ಸಂಜೆ ಬಿಸಿಯಾದಾಗ ಮನಸ್ಸು ಕುಸಿಯುತ್ತದೆ. ಒಡೆದ ಅಪೆಂಡಿಕ್ಸಿನಲ್ಲಿ ಇದು ಅಪರೂಪವಲ್ಲ, ಕೀವು ಒಂದು ಕಡೆ ಮತ್ತೆ ಕೂಡಿಕೊಂಡಿರಬಹುದು. ಅಲ್ಟ್ರಾಸೌಂಡ್ ಮತ್ತೊಮ್ಮೆ. ಸಣ್ಣದಾಗಿ ಕೂಡಿಕೊಂಡಿತ್ತು, ಕೊಳವೆ ಹಾಕಿ ತೆಗೆಯುವಷ್ಟು ಇರಲಿಲ್ಲ, ಆ್ಯಂಟಿಬಯಾಟಿಕ್ ಬದಲಾಯಿಸಿ ಮುಂದುವರಿಸಿದರು. ರಕ್ತದ ಸಿ.ಆರ್.ಪಿ. (ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ) ಅಂಕಿಯನ್ನು ದಿನಾ ಹಿಡಿದುಕೊಂಡು ಕೊರಗಬೇಡಿ. ಮಗು ಚೇತರಿಸಿಕೊಂಡರೂ ಆ ಅಂಕಿ ಹಿಂದಿನಿಂದ ನಿಧಾನವಾಗಿ ಇಳಿಯುತ್ತದೆ. ಮಗು ಎದ್ದು ಕೂತು ಆಟ ಕೇಳಿತೇ, ಉಂಡಿತೇ, ಜ್ವರ ಇಲ್ಲವೇ, ಅದನ್ನು ನೋಡಿ.

ಗಿರಾಕಿಗೆ ಸಂದೇಶ ಕಳಿಸಿದ್ದು ಆ ಸಂಜೆಯೇ. ಅಲ್ಲಿಯ ತನಕ ‘ನಾಳೆ ಡಿಸ್ಚಾರ್ಜ್ ಆದೀತು, ಯಾಕೆ ಹೇಳುವುದು’ ಅಂತ ಮುಂದೂಡಿದ್ದೆ. ಮೊದಲ ದಿನವೇ ಹೇಳಬೇಕಿತ್ತು. ಬರೆದದ್ದು ಇಷ್ಟು:

‘ಮಗುವಿಗೆ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದೇವೆ. ನಿಮ್ಮ 60ರಲ್ಲಿ 48 ಸೋಪು ತಯಾರಾಗಿ ಮಾಗುತ್ತಿವೆ, ಅವು ಹೇಳಿದ ದಿನಕ್ಕೆ ತಲುಪುತ್ತವೆ. ಉಳಿದ 12 ತಡವಾಗುತ್ತವೆ. ಅವುಗಳ ದಿನಾಂಕವನ್ನು ಹತ್ತು ದಿನದೊಳಗೆ ತಿಳಿಸುತ್ತೇನೆ. 12ನ್ನು ಬಿಟ್ಟುಬಿಡುವುದಾದರೆ ಅಷ್ಟರ ಮುಂಗಡ ಈ ವಾರವೇ ವಾಪಸ್ ಮಾಡುತ್ತೇನೆ.’

ಇದರಲ್ಲಿ ಕಾಯಿಲೆಯ ವಿವರ ಇಲ್ಲ, ಕ್ಷಮೆಯ ಪುರಾಣವೂ ಇಲ್ಲ. ಗಿರಾಕಿಗೆ ಬೇಕಾದದ್ದು ಎಷ್ಟು ಖಚಿತ, ಎಷ್ಟು ಅಲ್ಲ, ಮುಂದಿನ ಮಾತು ಯಾವಾಗ ಅನ್ನುವುದು. ಬರುವ ದಿನ ಗೊತ್ತಿಲ್ಲದಾಗ ‘ತಿಳಿಸುವ ದಿನ’ವನ್ನಾದರೂ ಕೊಡಿ. ಆಸ್ಪತ್ರೆಯಲ್ಲಿ ನಾವು ಡಾಕ್ಟರರಿಂದ ಬಯಸುವುದೂ ಅದನ್ನೇ ಅಲ್ಲವೇ?

ಸಹಾಯಕ್ಕೆ ಬಂದವರಿಗೆ ಯಾವ ಕೆಲಸ ಕೊಡುವುದು ಅನ್ನುವುದೂ ಯೋಚಿಸಬೇಕು. ಸೋಪು ಮಗುಚುವುದು, ಕಿಟಕಿ ತೆರೆದಿಡುವುದು, ಬಿಸಿಲು ತಾಗದಂತೆ ನೋಡುವುದು, ಡಬ್ಬಿ ಮಡಚುವುದು ಯಾರ ಕೈಯಲ್ಲೂ ಆಗುತ್ತದೆ. ಸೋಡಾ ಮುಟ್ಟುವ ಕೆಲಸ, ತೂಗುವ ಕೆಲಸ ಬೇಡ. ನಾನು ಮರೆತದ್ದು ಒಂದು, ಅಚ್ಚಿನಲ್ಲಿದ್ದ ಐದನೇ ಕಂತನ್ನು ಮರುದಿನ ಕತ್ತರಿಸಿ ಅಂತ ಹೇಳಲಿಲ್ಲ. ಅದರ ಫಲ ಮುಂದೆ ಬರುತ್ತದೆ.

ದುಡ್ಡು

ಅಡ್ಮಿಷನ್ ಮುಂಗಡ, ಮಂಚದ ಬಾಡಿಗೆ, ಡಾಕ್ಟರರ ಶುಲ್ಕ ಮೊದಲೇ ಅಂದಾಜಾಗುತ್ತವೆ. ಅಂದಾಜಿಗೆ ಸಿಗದೆ ಬೆಳೆಯುವುದು ಬೇರೆ: ಪದೇಪದೇ ರಕ್ತ ಪರೀಕ್ಷೆ, ಬದಲಾದ ಆ್ಯಂಟಿಬಯಾಟಿಕ್, ಕ್ಯಾನುಲಾ, ಸಿರಿಂಜು, ಕೈಗವಸುಗಳ ಸಣ್ಣ ಸಣ್ಣ ಸಾಲು, ಜೊತೆಗಿರುವವರ ಊಟ, ಓಡಾಟ. ವಿಮೆ ಇರುವವರಿಗೆ ಮುಖ್ಯ ವಿಷಯ: ಎರಡು ದಿನದ ಅಂದಾಜಿಗೆ ಸಿಕ್ಕ ಒಪ್ಪಿಗೆ ಒಂಬತ್ತು ದಿನಕ್ಕೆ ಸಾಲದು. ದಿನ ಹೆಚ್ಚಾಗುವುದು ಗೊತ್ತಾದ ಕೂಡಲೇ ಹೊಸ ಅಂದಾಜು ಕಳಿಸಿದ್ದಾರೆಯೇ ಅಂತ ವಿಮೆಯ ಮೇಜಿನಲ್ಲಿ ಕೇಳಿ. ತಾವಾಗಿ ಕಳಿಸುತ್ತಾರೆ ಅಂತ ನಂಬಿ ಕೂತರೆ ಕೊನೆಯ ದಿನ ಎಲ್ಲ ಒಟ್ಟಿಗೆ ಬೀಳುತ್ತದೆ. ಕೈಗವಸು ಸಿರಿಂಜುಗಳಂಥವು ವಿಮೆಯಿಂದ ಹೊರಗಿರುವುದು ಸಾಮಾನ್ಯ, ಅದಕ್ಕೆ ಬೇರೆ ದುಡ್ಡು ಇಟ್ಟುಕೊಳ್ಳಿ.

ವ್ಯಾಪಾರದ ಖಾತೆಯಲ್ಲಿ ಗಿರಾಕಿಯ ಮುಂಗಡ ಇತ್ತು, ಎಣ್ಣೆಗೆಂದು ಇಟ್ಟದ್ದು. ಆ ರಾತ್ರಿ ಆಸ್ಪತ್ರೆಯ ಮುಂಗಡಕ್ಕೆ ಅದನ್ನೇ ಕಟ್ಟಿದೆ. ಕಟ್ಟಿದ್ದು ತಪ್ಪಲ್ಲ, ಬರೆದಿಡದೆ ಕಟ್ಟಿದ್ದು ತಪ್ಪು. ಒಂದು ವಾರದ ನಂತರ ಯಾವುದು ಮನೆಯದು, ಯಾವುದು ಎಣ್ಣೆಯದು ಅಂತ ಬಿಡಿಸಲು ರಸೀದಿ ಹರಡಿಕೊಂಡು ಕೂರಬೇಕಾಯಿತು. ತೆಗೆದ ಗಳಿಗೆಯಲ್ಲೇ ಪುಸ್ತಕದಲ್ಲಿ ‘ಮನೆಗೆ ಕೈಸಾಲ’ ಅಂತ ಒಂದು ಸಾಲು, ತಾರೀಕು, ಮೊತ್ತ. ಇಷ್ಟು ಸಾಕು.

ಡಿಸ್ಚಾರ್ಜ್ ದಿನ

ರೌಂಡ್ಸಿನಲ್ಲಿ ‘ಇವತ್ತು ಹೋಗಬಹುದು’ ಅಂದದ್ದು 9.40ಕ್ಕೆ. ಗೇಟು ದಾಟಿದ್ದು ಸಂಜೆ 6ಕ್ಕೆ. ಡಾಕ್ಟರು ಡಿಸ್ಚಾರ್ಜ್ ಸಾರಾಂಶ ಬರೆಯಬೇಕು, ಮಿಕ್ಕ ಔಷಧ ಫಾರ್ಮಸಿಗೆ ವಾಪಸ್ ಹೋಗಬೇಕು, ಬಿಲ್ಲು ಆಗಬೇಕು, ವಿಮೆಯ ಕೊನೆಯ ಒಪ್ಪಿಗೆ ಬರಬೇಕು. ಒಂದು ಮುಗಿಯದೆ ಇನ್ನೊಂದು ಶುರುವಾಗುವುದಿಲ್ಲ. ಅಂದು ಬೇರೆ ಯಾರನ್ನೂ ಭೇಟಿಯಾಗುವುದಾಗಿ ಒಪ್ಪಿಕೊಳ್ಳಬೇಡಿ.

ಸಾರಾಂಶವನ್ನು ಅಲ್ಲೇ ನಿಂತು ಓದಿ: ಹೆಸರು, ತೂಕ, ‘ಒಡೆದ’ ಅನ್ನುವ ಮಾತು, ಮುಂದಿನ ಔಷಧ, ಎಷ್ಟು ದಿನ, ಮತ್ತೆ ತೋರಿಸುವ ತಾರೀಕು. ತೆಗೆದ ಅಪೆಂಡಿಕ್ಸ್ ಪರೀಕ್ಷೆಗೆ ಹೋಗಿರುತ್ತದೆ, ಆ ವರದಿ ಕೆಲವು ದಿನ ತಡವಾಗಿ ಬರುತ್ತದೆ. ಬಹುಪಾಲು ಜನ ಅದನ್ನು ತರಲು ಮರೆಯುತ್ತಾರೆ.

ನೋವಿನ ಪ್ಯಾರಸಿಟಮಾಲ್ ಸಿರಪ್ ವಿಷಯದಲ್ಲಿ ಎಚ್ಚರ. ವಾಡಿಕೆಯ ಪ್ರಮಾಣ ಕಿಲೋಗೆ 15 ಮಿಲಿಗ್ರಾಂ, 24 ಕಿಲೋ ಮಗುವಿಗೆ 360, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಆದರೆ ಸಿರಪ್ಪು ಒಂದೇ ಥರ ಇಲ್ಲ. 5 ಮಿಲೀಲೀಟರಿಗೆ 120 ಇರುವುದರಲ್ಲಿ 15 ಮಿಲಿ ಬೇಕು, 250 ಇರುವುದರಲ್ಲಿ 7.2 ಸಾಕು. ಹಳೆ ಬಾಟಲಿಯ ಅಳತೆಯನ್ನು ಹೊಸ ಬಾಟಲಿಗೆ ಹಾಕಿದರೆ ಎರಡು ಪಟ್ಟಾಗುತ್ತದೆ. ಮಿಲಿಲೀಟರನ್ನಲ್ಲ, ಮಿಲಿಗ್ರಾಂ ನೆನಪಿಟ್ಟುಕೊಳ್ಳಿ, ನಿಮ್ಮ ಮಗುವಿನ ಅಳತೆಯನ್ನು ಡಾಕ್ಟರರಿಂದಲೇ ಬರೆಸಿಕೊಳ್ಳಿ.

ಮನೆಗೆ ಬಂದ ಮೇಲೂ ಒಂದೆರಡು ವಾರ ಕಣ್ಣಿಡಬೇಕು. ಮತ್ತೆ ಜ್ವರ, ಹೆಚ್ಚುವ ಹೊಟ್ಟೆನೋವು, ವಾಂತಿ, ಗಾಯದಲ್ಲಿ ಕೆಂಪು ಅಥವಾ ಕೀವು ಕಂಡರೆ ಕೂಡಲೇ ವಾಪಸ್. ಬಿಟ್ಟೂಬಿಡದ ಭೇದಿ, ಮೂತ್ರಕ್ಕೆ ಹೋಗುವಾಗ ನೋವು ಕೂಡ ಕೆಳಹೊಟ್ಟೆಯಲ್ಲಿ ಕೀವು ಕೂಡಿದ ಸೂಚನೆ ಇರಬಹುದು. ತಿಂದದ್ದು ಏನೋ ಆಗಿಬರಲಿಲ್ಲ ಅಂತ ತಳ್ಳಿಹಾಕಬೇಡಿ.

ಬೀಗ ತೆಗೆದಾಗ

ಆ ಸೋಡಾ ನೀರು ಮೇಜಿನ ಮೇಲೆ ಹಾಗೇ ಇತ್ತು, ಮೇಲೆ ಬಿಳಿ ಪೊರೆ. ತೆರೆದಿಟ್ಟ ಸೋಡಾ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗುತ್ತದೆ, ಎಷ್ಟು ಶಕ್ತಿ ಉಳಿದಿದೆ ಅಂತ ತೂಕದಿಂದ ಹೇಳಲಾಗದು. ಉಳಿಸಲು ನೋಡಬೇಡಿ. ಕೈಗವಸು, ಕನ್ನಡಕ ಹಾಕಿಕೊಂಡು, ಬಕೆಟ್ ತಣ್ಣೀರಿಗೆ ಅದನ್ನು ನಿಧಾನವಾಗಿ ಸುರಿದು, ಇನ್ನಷ್ಟು ನೀರು ಬಿಟ್ಟು ಚರಂಡಿಗೆ ಹಾಯಿಸಿದೆ. ಮೈಮೇಲೆ ಬಿದ್ದರೆ ನೀರು, ಬರೀ ನೀರು, ಬಹಳ ಹೊತ್ತು. ವಿನೆಗರ್ ಹಚ್ಚುವ ಸಲಹೆ ಕೇಳಬೇಡಿ.

ಐದನೇ ಕಂತು ಅಚ್ಚಿನಲ್ಲೇ ಒಂಬತ್ತು ದಿನ ಕೂತು ಇಟ್ಟಿಗೆಯಾಗಿತ್ತು. ಕೊಬ್ಬರಿ ಎಣ್ಣೆ ಇರುವ ಸೋಪು ಬೇಗ ಗಟ್ಟಿಯಾಗುತ್ತದೆ. ಒಂದೆರಡು ದಿನದಲ್ಲಿ ತಂತಿಗೆ ಬೆಣ್ಣೆಯಂತೆ ಸಿಗುವುದು ಆಮೇಲೆ ಅಂಚಿನಲ್ಲಿ ಸಿಡಿಯುತ್ತದೆ. ಎರಡು ತುಂಡು ಕತ್ತರಿಸಿ ನೋಡಿ, ಎರಡೂ ಒಡೆದದ್ದರಿಂದ ಎಲ್ಲವನ್ನೂ ತುರಿದುಬಿಟ್ಟೆ. ತುರಿದದ್ದಕ್ಕೆ ಸ್ವಲ್ಪವೇ ನೀರು ಚಿಮುಕಿಸಿ, ಸಣ್ಣ ಉರಿಯಲ್ಲಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ ಮತ್ತೆ ಅಚ್ಚಿಗೆ ಒತ್ತಬಹುದು. ನೋಡಲು ಒರಟು, ಬಳಸಲು ಏನೂ ಕೊರತೆಯಿಲ್ಲ, ಮಾರಲು ಮಾತ್ರ ಮನಸ್ಸಾಗಲಿಲ್ಲ. ಮನೆಯಲ್ಲೇ ಸವೆಯುತ್ತಿದೆ.

ಶೆಲ್ಫಿನ 48ರಲ್ಲಿ ಒಂದಕ್ಕೂ ಕಿತ್ತಳೆ ಚುಕ್ಕಿ ಬಂದಿರಲಿಲ್ಲ. ಎಣ್ಣೆ ಕಮಟಿದರೆ ಬರುವ ಚುಕ್ಕಿ ಅದು, ಸೆಕೆ ಮತ್ತು ತೇವದಲ್ಲಿ ಹೆಚ್ಚು. ಮೇಲಿನ ಬಿಳಿ ಹುಡಿ ಬರೀ ಸೋಡಾ ಬೂದಿ, ಒದ್ದೆ ಬಟ್ಟೆಗೆ ಹೋಗುತ್ತದೆ. ಅವು ಹೇಳಿದ ದಿನಕ್ಕೆ ಹೋದವು. ಗಿರಾಕಿ ಉಳಿದ 12ನ್ನು ಬೇಡ ಅನ್ನಲಿಲ್ಲ.

ಆ 12ಕ್ಕೆ ಹೊಸ ಕಂತು ಹಾಕಿದ್ದು ಮನೆಗೆ ಬಂದ ಆರನೇ ದಿನ, ಪರೀಕ್ಷಾ ವರದಿ ತಂದು ಕಡತಕ್ಕೆ ಸೇರಿಸಿದ ಮೇಲೆ. ಲೆಕ್ಕವನ್ನು ನಾನು ಒಮ್ಮೆ, ಮನೆಯವಳು ಒಮ್ಮೆ ಬೇರೆ ಬೇರೆ ಹಾಳೆಯಲ್ಲಿ ಮಾಡಿದೆವು. ಎರಡರಲ್ಲೂ 143 ಬಂತು. ಸೋಡಾ ತೂಗುವ ಹೊತ್ತಿಗೆ ಮಗು ಬಾಗಿಲಾಚೆ ಕುರ್ಚಿಯಲ್ಲಿ ಕೂತು, ಬಾಗಿಲಿನ ಚೀಟಿಯ ನಾಲ್ಕು ಸಾಲನ್ನೂ ಗಟ್ಟಿಯಾಗಿ ಓದುತ್ತಿತ್ತು.